ಎರಿ ಮಣ್ಣು, ನಿಂಬೆ ಗಿಡ, ಹತ್ತೊಂಬತ್ತನೇ ಕೀರ್ತನೆ

ವಿಜಯಪುರದ ಬಿಸಿಲಲ್ಲಿ ಬೆಳಗಿನ ಒಂದು ತಾಸು ಬಿಟ್ಟರೆ ಹಿತ್ತಲಲ್ಲಿ ಕೂರುವುದು ಕಷ್ಟ. ಆ ಒಂದು ತಾಸನ್ನು ನಾನು ಬೈಬಲ್ ಓದಲು ಇಟ್ಟುಕೊಂಡಿದ್ದೇನೆ. ಮೊದಮೊದಲು ಓದುವುದಷ್ಟೇ ಇತ್ತು. ಗಿಡ, ಮಣ್ಣು, ಹುಳ ಎಲ್ಲ ಸುಮ್ನೆ ಸುತ್ತಲೂ ಇದ್ದವು. ಅವುಗಳನ್ನೂ ಪಾಠವಾಗಿ ನೋಡಲು ಕಲಿಸಿದ್ದು ಬೈಬಲಿನ ಕೀರ್ತನೆಗಳ ಪುಸ್ತಕದ 19ನೇ ಕೀರ್ತನೆ.

ಆ ಕೀರ್ತನೆಯನ್ನು ನೀವೂ ಓದಿರುತ್ತೀರಿ. ಆಕಾಶ ದೇವರ ಮಹಿಮೆಯನ್ನು ಸಾರುತ್ತದೆ ಎಂದು ಶುರುವಾಗುತ್ತದೆ. ಮೊದಲ ಆರು ವಚನ ಪೂರ್ತಿ ಆಕಾಶ, ಹಗಲು, ರಾತ್ರಿ, ಸೂರ್ಯ. ಏಳನೇ ವಚನದಿಂದ ದೇವರ ಧರ್ಮಶಾಸ್ತ್ರದ ಮಾತು. ಹನ್ನೆರಡಕ್ಕೆ ಬಂದಾಗ ಕೀರ್ತನೆ ಹಾಡುವ ದಾವೀದ ರಾಜ ತನ್ನೊಳಗೇ ನೋಡಿಕೊಳ್ಳುತ್ತಾನೆ. ತನ್ನ ತಪ್ಪುಗಳನ್ನು ಪೂರ್ತಿ ತಿಳಿದವನು ಯಾರು, ನನಗೇ ಕಾಣದ ದೋಷಗಳಿಂದ ನನ್ನನ್ನು ಶುದ್ಧಮಾಡು ಎಂದು ಬೇಡುತ್ತಾನೆ. ಮೊದಲು ಸೃಷ್ಟಿ, ಆಮೇಲೆ ವಾಕ್ಯ, ಕೊನೆಗೆ ಪಶ್ಚಾತ್ತಾಪ. ಈ ಕ್ರಮ ಕಣ್ಣಿಗೆ ಬಿದ್ದ ಮೇಲೆ ನಾನೂ ಅದನ್ನೇ ಹಿಡಿದೆ.

ಒಂದು ವಾರಕ್ಕೆ ಹಿತ್ತಲಿನ ಒಂದೇ ಒಂದು ಸಂಗತಿ. ನೋಟ್‌ಬುಕ್‌ನ ಎಡಗಡೆ ಹಾಳೆಯಲ್ಲಿ ನೋಡಿದ್ದನ್ನು ಮಾತ್ರ ಬರೆಯುತ್ತೇನೆ, ವಚನ ಇಲ್ಲ, ಪಾಠ ಇಲ್ಲ. ಬಲಗಡೆ ಹಾಳೆ ಶನಿವಾರದವರೆಗೆ ಖಾಲಿ. ಶನಿವಾರ ಸಂಜೆ ಬೈಬಲ್ ತೆಗೆದು, ನೋಡಿದ್ದಕ್ಕೂ ವಾಕ್ಯಕ್ಕೂ ನಿಜವಾಗಿ ಸಂಬಂಧ ಇದೆಯೋ ಇಲ್ಲವೋ ಎಂದು ಹುಡುಕುತ್ತೇನೆ. ಇಲ್ಲದಿದ್ದರೆ ಖಾಲಿ ಬಿಡುತ್ತೇನೆ. ಖಾಲಿ ಹಾಳೆಗಳೇ ಜಾಸ್ತಿ ಇವೆ, ಅದರಲ್ಲಿ ನನಗೆ ಬೇಸರ ಇಲ್ಲ.

ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದು ಬೇವು, ಒಂದು ನಿಂಬೆ, ಕರಿಬೇವು, ಗೋಡೆ ಪಕ್ಕ ನುಗ್ಗೆ. ನೆಲ ಅಪ್ಪಟ ಎರಿ ಮಣ್ಣು. ಡೋಣಿ ನದಿ ದಂಡೆಯ ಹೊಲಗಳ ಬಗ್ಗೆ, ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತಾರಲ್ಲ, ಅದೇ ಜಾತಿಯ ಕಪ್ಪು ನೆಲ. ನಾನು ಹೆಚ್ಚು ಕಲಿತದ್ದು ಆ ನೆಲದಿಂದಲೇ.

ಎರಿ ಮಣ್ಣಲ್ಲಿ ಜೇಡಿ ಅಂಶ ಜಾಸ್ತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಏಪ್ರಿಲ್ ಹೊತ್ತಿಗೆ ನೆಲ ಬಾಯಿ ಬಿಡುತ್ತದೆ. ನಮ್ಮ ಬೇವಿನ ಆಚೆಗಿನ ಬಿರುಕಿನಲ್ಲಿ ನನ್ನ ಅಂಗೈ ಪೂರ್ತಿ ಇಳಿಯುತ್ತದೆ. ಒಂದು ಬೆಳಿಗ್ಗೆ ಒಂದು ಕೊಡ ನೀರನ್ನು ಎರಡು ಕಡೆ ಸುರಿದು ನೋಡಿದೆ. ಅರ್ಧ ಕೊಡ, ಬಚ್ಚಲಿಗೆ ಓಡಾಡಿ ಓಡಾಡಿ ಗಟ್ಟಿಯಾದ ಕಾಲುದಾರಿಯ ಮೇಲೆ. ನೀರು ಮಣ್ಣಿನ ಮೇಲೆ ಹರಿದು ಗೋಡೆ ಬುಡಕ್ಕೆ ಹೋಗಿ ನಿಂತಿತು. ಕಾಲುದಾರಿಯ ಮೇಲ್ಭಾಗ ಒದ್ದೆ, ಉಗುರಿಂದ ಕೆರೆದರೆ ಕೆಳಗೆ ಒಣ. ಉಳಿದರ್ಧ ಬಿರುಕಿಗೆ. ಗುಳುಗುಳು ಎಂದು ಒಂದು ಕ್ಷಣ ಸದ್ದು, ಅಷ್ಟೇ, ಮೇಲೆ ಏನೂ ಉಳಿಯಲಿಲ್ಲ. ಮರುದಿನ ಕಡ್ಡಿ ಇಳಿಸಿದೆ. ತುದಿಗೆ ಹಸಿ ಮಣ್ಣು ಅಂಟಿಕೊಂಡು ಬಂತು.

ಎರಿ ನೆಲ ತನ್ನನ್ನು ತಾನೇ ಉಳುತ್ತದೆ ಎಂದು ಹೇಳುವುದುಂಟು. ಮೇಲಿನ ಪುಡಿ ಮಣ್ಣು ಬಿರುಕಿನಲ್ಲಿ ಬೀಳುತ್ತದೆ, ಮಳೆ ಬಂದಾಗ ಉಬ್ಬಿ ಮೇಲೆ ಕೆಳಗೆ ಆಗುತ್ತದೆ. ಬಿರುಕು ಬಿಟ್ಟ ಹೊಲ ನೋಡಿ ನಮ್ಮ ಕಡೆಯ ರೈತ ಹೆದರುವುದಿಲ್ಲ. ಮುಂಗಾರಿಗೆ ಮುಂಚಿನ ಅಡ್ಡಮಳೆ ಆಳಕ್ಕೆ ಇಳಿಯುವುದು ಅಲ್ಲಿಂದಲೇ.

ಆ ಶನಿವಾರ ಬಲಗಡೆ ಹಾಳೆಗೆ ಬಂದದ್ದು ಯೋವೇಲ 2:13. ಬಟ್ಟೆ ಹರಿದುಕೊಳ್ಳಬೇಡಿ, ಹೃದಯ ಹರಿದುಕೊಂಡು ದೇವರ ಕಡೆ ತಿರುಗಿಕೊಳ್ಳಿ ಎನ್ನುತ್ತಾನೆ ಪ್ರವಾದಿ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್ ಶುರುವಾಗುವ ಬೂದಿ ಬುಧವಾರ ಚರ್ಚ್ ಸಭೆಗಳಲ್ಲಿ ಈ ಭಾಗ ಓದುತ್ತಾರೆ. ಎಷ್ಟೋ ಸಲ ಕೇಳಿದ್ದ ಮಾತು ಅಂದು ಬೇರೆ ಥರ ಕೇಳಿಸಿತು. ನಾವು ಪ್ರಾರ್ಥನೆಗೆ ಕೂತಾಗ ಮಾತಿನಿಂದ, ಅಭ್ಯಾಸದಿಂದ ಮೇಲ್ಭಾಗವನ್ನು ಗಟ್ಟಿ ಮಾಡಿಕೊಂಡು ಕೂರುತ್ತೇವೆ ಅಲ್ವಾ? ಪಾಪ ಅರಿಕೆಯ ಪ್ರಾರ್ಥನೆ ಬಾಯಿಪಾಠ. ವಾಕ್ಯ ಬೀಳುತ್ತದೆ, ಹರಿದು ಹೋಗುತ್ತದೆ.

ಇಲ್ಲಿಗೇ ನಿಂತಿದ್ದರೆ ಪಾಠ ಅರ್ಧವಾಗುತ್ತಿತ್ತು. ಬಿರುಕು ಮಳೆಯನ್ನು ತರುವುದಿಲ್ಲ. ಇದನ್ನು ನಾನು ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ನಮ್ಮದು ಮಳೆ ನೆರಳಿನ ಸೀಮೆ, ಘಟ್ಟದ ಈಚೆ ಮಳೆ ಕಡಿಮೆ. ನೆಲ ಎಷ್ಟೇ ಬಾಯಿ ಬಿಟ್ಟರೂ ಮೋಡ ಬರಬೇಕಾದದ್ದು ದೂರದ ಸಮುದ್ರದಿಂದ. ನಾನು ಅತ್ತೆ, ಅದಕ್ಕೇ ದೇವರು ಕ್ಷಮಿಸಿದ ಎನ್ನುವ ಲೆಕ್ಕ ನಮ್ಮ ಮನಸ್ಸಿನಲ್ಲಿ ಬಹಳ ಆಳವಾಗಿ ಕೂತಿದೆ. ಉಪವಾಸವನ್ನೂ ಕಣ್ಣೀರನ್ನೂ ನಾವು ಬೆಲೆಯಾಗಿ ಕೊಡಲು ಹೋಗುತ್ತೇವೆ. ಯೇಸುವಿನ ಸುವಾರ್ತೆ ಸಾರಿದ ಪೌಲ ರೋಮಾಪುರದವರಿಗೆ ಬರೆದದ್ದು ಬೇರೆ. ದೇವರ ದಯೆಯೇ ನಿನ್ನನ್ನು ಪಶ್ಚಾತ್ತಾಪದ ಕಡೆ ನಡೆಸುತ್ತಿದೆ ಎನ್ನುತ್ತಾನೆ, ಎರಡನೇ ಅಧ್ಯಾಯ ನಾಲ್ಕನೇ ವಚನದಲ್ಲಿ. ದಯೆ ಮುಂದೆ, ನಾವು ಹಿಂದೆ. ಮತ್ತಾಯ 5:45ರಲ್ಲಿ ಯೇಸು ಹೇಳುವಂತೆ ಮಳೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಸುರಿಯುತ್ತದೆ. ಗಟ್ಟಿ ಕಾಲುದಾರಿಯ ಮೇಲೂ ಅದೇ ಮಳೆ. ಇಡೀ ಅಭ್ಯಾಸದಲ್ಲಿ ನನಗೆ ಸಿಕ್ಕ ದೊಡ್ಡ ಮಾತು ಇದು. ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಸಂಡೇ ಸ್ಕೂಲ್ ಮಕ್ಕಳನ್ನು ಕರೆದುಕೊಂಡು ಬಂದದ್ದು ಜೇಕಿನ ವಾರದಲ್ಲಿ. ಜೇಕು ಒಂದು ಕಳೆ, ಹುಲ್ಲಿನಂತೆ ಕಾಣುತ್ತದೆ, ಆದರೆ ಹೂವಿನ ದಂಟನ್ನು ಎರಡು ಬೆರಳ ನಡುವೆ ಉರುಳಿಸಿದರೆ ಮೂರು ಮೂಲೆ ಕೈಗೆ ಸಿಗುತ್ತವೆ. ಬುಡ ಹಿಡಿದು ಎಳೆದರೆ ಮೇಲಿನದಷ್ಟೇ ಕಿತ್ತು ಬರುತ್ತದೆ. ಮಕ್ಕಳು ಒಂದು ಬುಟ್ಟಿ ತುಂಬ ಎಲೆ ಕಿತ್ತು ಖುಷಿಯಾಗಿ ತೋರಿಸಿದರು. ಆಮೇಲೆ ಕುರುಪಿ ಕೊಟ್ಟು ಅಗೆಯಲು ಹೇಳಿದೆ. ಕೆಳಗೆ ಕಪ್ಪು ಗಡ್ಡೆ, ಅದರಿಂದ ಸಣ್ಣ ತಂತಿಯಂಥ ಬೇರು, ಆ ಬೇರಿನ ತುದಿಗೆ ಇನ್ನೊಂದು ಗಡ್ಡೆ, ಮತ್ತೊಂದು. ಒಡೆದರೆ ಸುವಾಸನೆ ಬೇರೆ! ಮಕ್ಕಳು ಮೂಸಿ ನೋಡಿ ಆಶ್ಚರ್ಯಪಟ್ಟರು.

ಕೋಪ ಮಾಡಿಕೊಂಡೆ ಕ್ಷಮಿಸು ಎನ್ನುವುದು ಎಲೆ ಕೀಳುವ ಪ್ರಾರ್ಥನೆ. ಕೋಪದ ಕೆಳಗೆ ಏನಿತ್ತು? ನನ್ನ ಮಾತೇ ನಡೆಯಬೇಕು ಎಂಬ ಹಟವೋ, ಇನ್ನೊಬ್ಬರ ಏಳಿಗೆ ನೋಡಿ ಆದ ಸಂಕಟವೋ? ಅದನ್ನು ಹೆಸರು ಹಿಡಿದು ದೇವರ ಮುಂದೆ ಇಡುವುದು ಅಗೆಯುವ ಕೆಲಸ. ಇಷ್ಟು ಹೇಳುವಷ್ಟರಲ್ಲಿ ಒಬ್ಬ ಹುಡುಗ, ಎಲ್ಲಾ ಕಿತ್ತರೂ ಮತ್ತೆ ಬಂದರೆ ಏನು ಮಾಡೋದು ಟೀಚರ್ ಎಂದ. ಬರುತ್ತದೆ, ಮತ್ತೆ ಅಗೆಯೋಣ ಎಂದೆ. 1517ರಲ್ಲಿ ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಮುಂದಿಟ್ಟ 95 ವಾದಗಳಲ್ಲಿ ಮೊದಲನೆಯದು ಇದನ್ನೇ ಹೇಳುತ್ತದೆ: ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪ ಆಗಿರಬೇಕು ಎಂಬುದು ಕ್ರಿಸ್ತನ ಇಷ್ಟ. ಒಂದು ಕೂಟದಲ್ಲಿ ಕೈ ಎತ್ತಿ ಮುಗಿಸುವ ಕೆಲಸ ಇದಲ್ಲ.

ಇನ್ನು ನಿಂಬೆ. ಇಂಡಿ ತಾಲ್ಲೂಕಿನ ನಿಂಬೆಗೆ ಜಿಐ ಟ್ಯಾಗ್, ಅಂದರೆ ಆ ಸ್ಥಳದ ವಿಶೇಷ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿರುವುದು ನಮ್ಮ ಜಿಲ್ಲೆಗೆ ಹೆಮ್ಮೆ. ಬೀಜದಿಂದ ಬೆಳೆದ ನಿಂಬೆ ಕಾಯಿ ಕೊಡಲು ವರ್ಷಗಟ್ಟಲೆ ಕಾಯಿಸುತ್ತದೆ. ನಮ್ಮದೂ ಎಲೆ ಚೆನ್ನಾಗಿ ಬಿಟ್ಟು ಕಾಯಿ ಕೊಡದೆ ನಿಂತಿತ್ತು. ತೆಗೆದುಬಿಡಿ, ಜಾಗ ಆಗುತ್ತೆ ಎಂದು ಮನೆಯಲ್ಲಿ ಮಾತೂ ಆಯಿತು. ನನಗೆ ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ನೆನಪಾಯಿತು. ದ್ರಾಕ್ಷಿ ತೋಟದಲ್ಲಿ ಒಂದು ಅಂಜೂರ, ಯಜಮಾನ ಮೂರು ವರ್ಷದಿಂದ ಹಣ್ಣು ಹುಡುಕಿ ಬರುತ್ತಿದ್ದಾನೆ, ಕಡಿದುಹಾಕು ಎನ್ನುತ್ತಾನೆ. ತೋಟಗಾರ, ಈ ವರ್ಷವೂ ಬಿಡು, ನಾನು ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡುತ್ತಾನೆ. ಇದರ ಹಿಂದಿನ ವಚನಗಳನ್ನು ಬಿಟ್ಟು ಓದಬಾರದು. ಸಿಲೋವದ ಬುರುಜು ಬಿದ್ದು 18 ಜನ ಸತ್ತ ಸುದ್ದಿ ಎತ್ತಿ ಯೇಸು, ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ, ನೀವೂ ದೇವರ ಕಡೆ ತಿರುಗದಿದ್ದರೆ ನಾಶವಾಗುತ್ತೀರಿ ಎಂದು ಖಡಾಖಂಡಿತ ಹೇಳಿದ ಕೂಡಲೇ ಈ ಕಥೆ ಬರುತ್ತದೆ. ಎಚ್ಚರಿಕೆಯ ಬೆನ್ನಿಗೇ ಕೃಪೆ.

ಆ ತೋಟಗಾರ ಮಾಡಿದ್ದನ್ನೇ ಕೈಯಿಂದ ಮಾಡಿ ನೋಡೋಣ ಎಂದು ಕುರುಪಿ ಹಿಡಿದು ಕೂತೆ. ನಿಂಬೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಗುದ್ದಲಿ ಜೋರಾಗಿ ಹಾಕುವ ಹಾಗಿಲ್ಲ. ನೀರು ಬುಡಕ್ಕೇ ನಿಂತರೆ ಕಾಂಡ ಕೊಳೆಯುತ್ತದೆ, ಅದಕ್ಕೆ ಬುಡದ ಸುತ್ತ ಸ್ವಲ್ಪ ಏರಿಸಿ, ಆಚೆ ಪಾತಿ ಮಾಡಬೇಕು. ಎರಿ ಮಣ್ಣಿನ ಹೆಂಟೆ ಕೈಯಲ್ಲೇ ಒಡೆಯಬೇಕು. ತಿಪ್ಪೆ ಗೊಬ್ಬರ ಬೆರೆಸುವಷ್ಟರಲ್ಲಿ ಮೊಣಕಾಲು ನೋವು, ಕೈಯೆಲ್ಲ ವಾಸನೆ, ಮುಳ್ಳು ಗೀರಿದ ತೋಳು. ಅಷ್ಟೂ ಹೊತ್ತು ಗಿಡ ಏನೂ ಮಾಡಲಿಲ್ಲ. ಬಗ್ಗಿದ್ದು, ಗೀರಿಸಿಕೊಂಡದ್ದು ಅಗೆಯುವವಳು. ಕೃಪೆ ಅಂದರೆ ದೇವರು ದೂರದಿಂದ ಹೋಗಲಿ ಬಿಡು ಎನ್ನುವುದು ಎಂದು ಎಷ್ಟು ಸುಲಭವಾಗಿ ತಿಳಿದುಕೊಂಡುಬಿಡುತ್ತೇವೆ. ತೋಟಗಾರ ಕೇಳಿದ್ದು ಬರೀ ಸಮಯ ಅಲ್ಲ, ತಾನೇ ಕೆಲಸಕ್ಕೆ ಇಳಿಯುವ ಅನುಮತಿ. ಶಿಲುಬೆಯ ಕಡೆ ನೋಡಿದಾಗ ನನಗೆ ಈಗ ಅದೇ ಕಾಣುತ್ತದೆ.

ಆ ಅಂಜೂರ ಹಣ್ಣು ಬಿಟ್ಟಿತೋ ಇಲ್ಲವೋ, ಯೇಸು ಹೇಳಲಿಲ್ಲ. ನಾನೂ ನಮ್ಮ ನಿಂಬೆಯ ಮುಂದಿನ ಕಥೆಯನ್ನು ಸಾಕ್ಷಿಯಾಗಿ ಹೇಳಲು ಹೋಗುವುದಿಲ್ಲ. ಕಾಯಿ ಬಂದರೆ ಪಾಠ ನಿಜ, ಬರದಿದ್ದರೆ ಸುಳ್ಳು ಎಂದಾಗಿಬಿಡುತ್ತದೆ.

ಅದೇ ಗಿಡದಲ್ಲಿ ನಿಂಬೆ ಚಿಟ್ಟೆಯ ಹುಳ ಸಿಗುತ್ತದೆ. ಸಣ್ಣದಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪು, ಬೆಳೆದ ಮೇಲೆ ಎಲೆಯಂತೆ ಹಸಿರು, ಆಮೇಲೆ ಚಿಟ್ಟೆ. ಪಾಪಿ ಬದಲಾಗುವುದಕ್ಕೆ ಇದನ್ನು ಉದಾಹರಣೆ ಕೊಡುವುದು ಎಲ್ಲ ಕಡೆ ಕೇಳಿದ್ದೇನೆ. ನಾನು ಬಳಸುವುದಿಲ್ಲ. ಹುಳ ತನ್ನ ಸ್ವಭಾವದಂತೆ ಬೆಳೆದು ಚಿಟ್ಟೆಯಾಗುತ್ತದೆ, ಅದು ಯಾವುದರಿಂದಲೂ ತಿರುಗಿಕೊಳ್ಳುವುದಿಲ್ಲ. ವಯಸ್ಸಾದಂತೆ ನಾವೂ ತಾನಾಗಿ ಒಳ್ಳೆಯವರಾಗುತ್ತೇವೆ ಎಂದು ಮಕ್ಕಳು ತಿಳಿದುಕೊಂಡರೆ ಅದು ಸುವಾರ್ತೆ ಅಲ್ಲ. ಗಿಡಕ್ಕೆ, ಹುಳಕ್ಕೆ ಪಾಪ ಇಲ್ಲ. ಅವು ಪಶ್ಚಾತ್ತಾಪಪಡುವುದೂ ಇಲ್ಲ. ಅವುಗಳ ಮುಂದೆ ಕೂತ ನಾನು ಪಡಬೇಕು.

ಗಿಡ ಮರದಲ್ಲಿ ದೇವರನ್ನು ಹುಡುಕುತ್ತೀರಾ ಎಂದು ಸಭೆಯಲ್ಲಿ ಕೆಲವರು ಕೇಳಿದ್ದುಂಟು. ಅಡವಿಯ ಹೂವುಗಳನ್ನು ಗಮನಿಸಿ ಎಂದು ಹೇಳಿದ್ದು ಯೇಸುವೇ. ಹಿತ್ತಲು ಪ್ರಶ್ನೆ ಎತ್ತುತ್ತದೆ, ಉತ್ತರಕ್ಕೆ ವಾಕ್ಯಕ್ಕೇ ಹೋಗಬೇಕು. ಬಲಗಡೆ ಹಾಳೆ ಇರುವುದು ಅದಕ್ಕೇ.

ಶುರು ಮಾಡುವವರಿಗೆ ಲೆಂಟ್ ಒಳ್ಳೆಯ ಕಾಲ. ಆಗ ಬೇವು ಎಲೆ ಉದುರಿಸಿ, ಮಳೆಯ ಸುಳಿವೂ ಇಲ್ಲದ ದಿನಗಳಲ್ಲಿ ಕೆಂಪು ಚಿಗುರು ಹೊಡೆಯುತ್ತದೆ, ಒಂದೇ ರೆಂಬೆಯನ್ನು ದಿನಾ ನೋಡಿದರೂ ಸಾಕು. ವಾರದ ಕೊನೆಗೆ ಬರೆದದ್ದರ ಕೆಳಗೆ ಒಂದು ಸಾಲು ಜಾಗ ಬಿಡಿ: ಇದನ್ನು ಓದಿ ನಾನು ಯಾರ ಹತ್ತಿರ ಹೋಗಬೇಕು, ಏನು ಮರಳಿ ಕೊಡಬೇಕು? ಸ್ನಾನಿಕನಾದ ಯೋಹಾನ ತನ್ನ ಬಳಿ ಬಂದವರಿಗೆ ಹೇಳಿದ್ದೂ ಇಂಥದ್ದೇ, ಎರಡು ಅಂಗಿ ಇದ್ದವನು ಒಂದನ್ನು ಕೊಡಲಿ ಎಂದು. ಆ ಸಾಲು ತುಂಬದಿದ್ದರೆ ನಾನು ಹೊಸ ಸಂಗತಿಗೆ ಹೋಗುವುದಿಲ್ಲ.

ಈ ಅಕ್ಟೋಬರ್‌ನಲ್ಲಿ ಮಕ್ಕಳನ್ನು ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ದ್ರಾಕ್ಷಿಗೆ ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಂದರೆ ಕೊಂಬೆ ಕತ್ತರಿಸುವುದು, ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣು ಬರುವುದು ಎರಡನೆಯದರ ಮೇಲೆ. ಯೋಹಾನನ ಸುವಾರ್ತೆ 15:2ರ ಪ್ರಕಾರ ಚಾಟ್ನಿ ಆಗುವುದು ಫಲ ಕೊಡುತ್ತಿರುವ ಕೊಂಬೆಗೇ. ಕಷ್ಟ ಬಂದವರನ್ನೆಲ್ಲ ಶಿಕ್ಷೆ ಅನುಭವಿಸುತ್ತಿದ್ದಾರೆ ಎಂದು ನೋಡುವ ಅಭ್ಯಾಸ ಮಕ್ಕಳಿಗೆ ಈಗಿನಿಂದಲೇ ಬರಬಾರದು. ಅವರು ಕತ್ತರಿ ಹಿಡಿದವರ ಕೈಯನ್ನು ಹತ್ತಿರದಿಂದ ನೋಡಲಿ, ಪ್ರಶ್ನೆ ಕೇಳಲಿ. ಪಾಠ ಹೇಳುವುದು ಆಮೇಲೆ, ಶನಿವಾರಕ್ಕೆ.