ರೋಗ್‌ಲೈಕ್ ಎಂಬ ಹಣೆಪಟ್ಟಿ ಓದುವುದು ಹೇಗೆ

ಕೆಲವು ವಿಡಿಯೋ ಗೇಮ್‌ಗಳ ಮೇಲೆ 'ರೋಗ್‌ಲೈಕ್', ಅಂದರೆ 'ರೋಗ್'ನಂಥದ್ದು, ಎಂಬ ಹಣೆಪಟ್ಟಿ ಇರುತ್ತದೆ. ಅದು ಕಂಡರೆ ಮೊದಲು ಗೇಮ್ ಬಂದ ವರ್ಷ ನೋಡಿ. 1987ರ ನೆಟ್‌ಹ್ಯಾಕ್‌ನಂಥ ಹಳೆಯದಾದರೆ ಅದು 1980ರ 'ರೋಗ್' ಎಂಬ ಗೇಮ್‌ನ ನೇರ ಸಂತಾನ: ಅಕ್ಷರಗಳಲ್ಲೇ ಬಿಡಿಸಿದ ನೆಲಮಾಳಿಗೆ, ಪ್ರತಿ ಸಲವೂ ಹೊಸ ನಕ್ಷೆ. ನೀವು ಒಂದು ಹೆಜ್ಜೆ ಇಟ್ಟರೆ ಮಾತ್ರ ಶತ್ರುವಿನ ಸರದಿ. ಸತ್ತರೆ ಮುಗೀತು, ಮತ್ತೆ ಮೊದಲಿಂದ. 2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ್ದ ಡೆವಲಪರ್‌ಗಳು ಇಂಥ ಲಕ್ಷಣಗಳನ್ನೇ ಪಟ್ಟಿ ಮಾಡಿದ್ದು. ಆದರೆ ಅದೇ ವರ್ಷ ಬಂದ ಸ್ಪೆಲಂಕಿ, ಸರದಿ ಗಿರದಿ ಬಿಟ್ಟು 'ಓಡು, ಜಿಗಿ' ಅಂದಿತು. ಪಟ್ಟಿ ಅಲ್ಲೇ ಉಳಿಯಿತು, ಹೆಸರು ಊರೂರು ಸುತ್ತಿತು. ಸ್ಲೇ ದ ಸ್ಪೈರ್‌ನಲ್ಲಂತೂ ಇರುವುದು ಇಸ್ಪೀಟಿನಂಥ ಎಲೆಗಳು!

ನಾನು ಈ ಪದ ನಂಬಿ ಒಮ್ಮೆ ಕೆಟ್ಟೆ. ನಿಧಾನಕ್ಕೆ ಯೋಚಿಸಿ ಆಡೋಣ ಅಂತ ಕೂತರೆ ಹತ್ತೇ ಸೆಕೆಂಡಿಗೆ ಹೆಣ.

ಹಾಗಾಗಿ ಈಗ ಕೊಳ್ಳುವ ಮುಂಚೆ ಯಾರಾದರೂ ಆಡುವ ವಿಡಿಯೋ ಹಾಕಿ, ನೇರ ಅವರು ಸಾಯುವ ಜಾಗಕ್ಕೆ ಹೋಗುತ್ತೇನೆ. ಸತ್ತ ಮೇಲೆ ಕೂಡಿಟ್ಟ ಹಣದಲ್ಲಿ ಶಕ್ತಿ ಕೊಳ್ಳುವ ಪರದೆ ಬಂತೇ? ಅದು 'ರೋಗ್‌ಲೈಟ್', 2013ರ ರೋಗ್ ಲೆಗಸಿಯ ದಾರಿ. ಏನೂ ಉಳಿಯದಿದ್ದರೆ, ಶತ್ರು ನಿಮಗಾಗಿ ಕಾಯುತ್ತಾನೋ ಇಲ್ಲವೋ ನೋಡಿ. ಕಾದರೆ ನನಗೂ ಒಂದು ಲಿಂಕ್ ಕಳಿಸಿ.