ಲ್ಯಾಪ್‌ಟಾಪ್ ಹಾಡಿನಲ್ಲಿ ಗಾಯಕಿಯ ದನಿಯೇ ಮಾಯ: ಸರಿಮಾಡಿದ ಬಗೆ

ಹಾಸನದ ಸಭಾಂಗಣವೊಂದರಲ್ಲಿ ಭರತನಾಟ್ಯಕ್ಕೆ ಲ್ಯಾಪ್‌ಟಾಪ್‌ನಿಂದ ಹಾಡು ಹಾಕಬೇಕಿತ್ತು. ಅಲ್ಲಿದ್ದ ವೈರ್‌ಗೆ ಒಂದು ಕಡೆ ಹೆಡ್‌ಫೋನ್ ಪಿನ್, ಇನ್ನೊಂದು ಕಡೆ ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವ ಮೂರು ಪಿನ್‌ನ ಪ್ಲಗ್). ಚುಚ್ಚಿದರೆ ಪಿಟೀಲು, ತಾಳ ಎಲ್ಲೋ ದೂರದಲ್ಲಿ ಕೇಳುತ್ತಿದೆ, ಗಾಯಕಿಯ ದನಿಯೇ ಇಲ್ಲ! ಜೊತೆಗೆ ಗುಂಯ್ ಎನ್ನುವ ಸದ್ದು ಬೇರೆ.

ಸೌಂಡ್ ಮಿಕ್ಸರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್ ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಆ ವೈರಿನಲ್ಲಿ ಎಡ ಚಾನೆಲ್ ಒಂದಕ್ಕೆ, ಬಲ ಚಾನೆಲ್ ಇನ್ನೊಂದಕ್ಕೆ ಹೋಗುತ್ತಿತ್ತು. ಎರಡರಲ್ಲೂ ಸಮನಾಗಿದ್ದ ಗಾಯನ ಕಳೆದು ಸೊನ್ನೆಯಾಗಿತ್ತು, ಅಷ್ಟೇ.

ಚಾರ್ಜರ್ ಕಿತ್ತರೆ ಗುಂಯ್ ನಿಲ್ಲುತ್ತಿತ್ತು. ಅಂದರೆ ಚಾರ್ಜರ್‌ನ ಅರ್ಥಿಂಗ್, ಮಿಕ್ಸರ್‌ನ ಅರ್ಥಿಂಗ್ ಸೇರಿ ಲೂಪ್ ಆಗಿ 50 ಹರ್ಟ್ಸ್ ಕರೆಂಟಿನ ಸದ್ದು ನುಗ್ಗುತ್ತಿತ್ತು. ಹಾಗಂತ ಯಾರೂ ಅರ್ಥ್ ಪಿನ್ ಮುರಿಯಬೇಡಿ, ಜೀವಕ್ಕೇ ಅಪಾಯ.

ಟ್ರಾನ್ಸ್‌ಫಾರ್ಮರ್ ಇರುವ ಎರಡು ಚಾನೆಲ್‌ನ ಪ್ಯಾಸಿವ್ (ಕರೆಂಟ್ ಬೇಡದ) ಡಿಐ ಬಾಕ್ಸ್ ತಂದೆ; ಲ್ಯಾಪ್‌ಟಾಪ್‌ನಂಥವುಗಳ ಸಿಗ್ನಲ್ಲನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸುವ ಪೆಟ್ಟಿಗೆ ಇದು. ಹೆಡ್‌ಫೋನ್ ಪಿನ್‌ನಿಂದ ಎರಡು ಮೋನೋ ಜ್ಯಾಕ್‌ಗೆ ಒಡೆಯುವ ವೈರು ಹಾಕಿ, ಅಲ್ಲಿಂದ ಎರಡು ಎಕ್ಸ್‌ಎಲ್‌ಆರ್ ಮೈಕ್ ಇನ್‌ಪುಟ್‌ಗೆ ಕೊಟ್ಟೆ. ಸಿಗ್ನಲ್ ವೈರಿನ ಗ್ರೌಂಡನ್ನಷ್ಟೇ ಬಿಡಿಸುವ, ಡಿಐನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದ್ದೇ ತಡ, ಗುಂಯ್ ಪೂರ್ತಿ ಬಂದ್. ಡಿಐನಿಂದ ಬರುವುದು ಮೈಕ್‌ನಷ್ಟೇ ಸಣ್ಣ ಸಿಗ್ನಲ್, ಹಾಗಾಗಿ ಲ್ಯಾಪ್‌ಟಾಪ್ ವಾಲ್ಯೂಮ್ ಮುಕ್ಕಾಲಿಗಿಟ್ಟು ಮಿಕ್ಸರ್‌ನಲ್ಲಿ ಗೇನ್ ಏರಿಸಿದೆ.