ಎರಡೂ ಜಿಪಿಟಿ ಅಳಿದ ಡಿಸ್ಕಿನಿಂದ ಪಾರ್ಟಿಶನ್ ವಿವರ ಹೊರತೆಗೆದ ಬಗೆ: ನನ್ನ ಅನುಭವ

ಡಿಸ್ಕಿನ ಯಾವ ಭಾಗ (ಪಾರ್ಟಿಶನ್) ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಡುವ ಟೇಬಲ್ಲೇ ಜಿಪಿಟಿ; ಡಿಸ್ಕಿನ ಮೊದಲಲ್ಲಿ ಒಂದು, ಕೊನೆಯಲ್ಲಿ ಅದರ ಬ್ಯಾಕಪ್ ಇರುತ್ತದೆ. ಮೊದಲಿನ ಜಿಪಿಟಿ ಹೋಗಿದೆ, ಕೊನೆಯಲ್ಲಿರುವ ಬ್ಯಾಕಪ್ ಕೂಡ ಹೋಗಿದೆ, ಇನ್ನು ಪಾರ್ಟಿಶನ್ ಟೇಬಲ್ಲಿನ ಆಸೆ ಬಿಡಿ, ಫೈಲ್ ಕಾರ್ವಿಂಗ್ (ಟೇಬಲ್ಲಿಲ್ಲದೆ ಫೈಲುಗಳನ್ನು ಅವುಗಳ ಗುರುತಿನಿಂದಲೇ ಹೆಕ್ಕುವುದು) ಮಾಡಿ ಸಿಕ್ಕಷ್ಟು ತೆಗೆದುಕೊಳ್ಳಿ ಎಂದು ಈ ಕೆಲಸದಲ್ಲಿ ಪಳಗಿದವರೇ ನನಗೆ ಹೇಳಿದ್ದರು. ಆ 4 ಟಿಬಿ ಡಿಸ್ಕಿನ ಮೂರೂ ಪಾರ್ಟಿಶನ್‌ಗಳು ಈಗ ಹಳೆಯ ಜಾಗದಲ್ಲಿ, ಹಳೆಯ ಅಳತೆಯಲ್ಲಿ, ಹಳೆಯ ಯುಯುಐಡಿ (ಪ್ರತಿ ಪಾರ್ಟಿಶನ್ನಿನ ವಿಶಿಷ್ಟ ಗುರುತು) ಸಮೇತ ಇವೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಡಿಸ್ಕ್ ಹಲವು ವರ್ಷ ಒಂದು ಯುಎಸ್‌ಬಿ ಪೆಟ್ಟಿಗೆಯೊಳಗೆ ಇತ್ತು. ಪೆಟ್ಟಿಗೆಯ ಸರ್ಕ್ಯೂಟ್ ಸತ್ತ ಮೇಲೆ ಡಿಸ್ಕನ್ನು ಹೊರತೆಗೆದು ನೇರವಾಗಿ ಕಂಪ್ಯೂಟರಿನೊಳಗಿನ ಸಾಟಾ ಜೋಡಣೆಗೆ ಸೇರಿಸಿದರು. ಪಾರ್ಟಿಶನ್ ಕಾಣಲಿಲ್ಲ. ಅದನ್ನು ಮೊದಲು ಕೈಗೆತ್ತಿಕೊಂಡವರು ಹೊಸ ಡಿಸ್ಕ್ ಎಂದು ಭಾವಿಸಿ ಖಾಲಿ ಜಿಪಿಟಿ ಬರೆದುಬಿಟ್ಟರು. ಆಮೇಲೆ ಅದು ನನ್ನ ಬಳಿ ಬಂತು. ಅದಕ್ಕೂ ಮುಂಚೆ ಒಂದು ರಿಕವರಿ ಲ್ಯಾಬಿನವರು ಕೇಳಿದ ಮೊತ್ತದಲ್ಲಿ ಅಷ್ಟೇ ದೊಡ್ಡ ಹೊಸ ಡಿಸ್ಕುಗಳನ್ನು ನಾಲ್ಕೋ ಐದೋ ಕೊಳ್ಳಬಹುದಿತ್ತು. ಪರೀಕ್ಷೆಯ ಶುಲ್ಕ ಬೇರೆ; ಕೆಲಸ ಆಗದಿದ್ದರೂ ಅದು ವಾಪಸಿಲ್ಲ. ನನ್ನ ಲೆಕ್ಕದಲ್ಲಿ ಖರ್ಚಾದದ್ದು ಒಂದು 6 ಟಿಬಿ ಡಿಸ್ಕಿನ ಬೆಲೆ ಮಾತ್ರ. 4 ಟಿಬಿ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ಇನ್ನೊಂದು 4 ಟಿಬಿ ಡಿಸ್ಕಿನಲ್ಲಿ ಫೈಲಾಗಿ ಹಿಡಿಸುವುದಿಲ್ಲ. ಈ ಹಣ ಉಳಿಸಲು ಹೋಗಬೇಡಿ. ನಕಲು ತೆಗೆಯುವ ಡಿಡಿರೆಸ್ಕ್ಯೂಗೆ ಮ್ಯಾಪ್‌ಫೈಲ್ ಕೊಟ್ಟು ಕೂರಿಸಿದೆ, ಎಂಟು ಗಂಟೆಯ ಆಸುಪಾಸು ಹಿಡಿಯಿತು. ಮುಂದಿನದ್ದೆಲ್ಲ ಇಮೇಜಿನ ಮೇಲೆಯೇ.

ಜಿಪಿಟಿ ತಿದ್ದುವ ಸಾಧನವಾದ ಜಿಡಿಸ್ಕಿನಲ್ಲಿ 'ಆರ್' ಒತ್ತಿ ರಿಕವರಿ ಮೆನುವಿಗೆ ಹೋಗಿ, ಬ್ಯಾಕಪ್ಪಿನಿಂದ ಟೇಬಲ್ ಮರಳಿ ತರುವ 'ಬಿ', 'ಸಿ' ಎರಡನ್ನೂ ಮಾಡಿ ನೋಡಿದೆ. ಬ್ಯಾಕಪ್ ಸರಿಯಾಗಿಯೇ ಇದೆ ಎಂದಿತು. ಸರಿಯೇ, ಅದು ಹೊಸದಾಗಿ ಬರೆದ ಖಾಲಿ ಟೇಬಲ್ಲಿನ ಬ್ಯಾಕಪ್! ಕಳೆದ ಪಾರ್ಟಿಶನ್ ಹುಡುಕುವ ಟೆಸ್ಟ್‌ಡಿಸ್ಕಿನ ಕ್ವಿಕ್ ಸರ್ಚ್ ಆಯಿತು, ರಾತ್ರಿಯಿಡೀ ಡೀಪರ್ ಸರ್ಚ್ ಕೂಡ ಆಯಿತು. ಅದು ಒಳ್ಳೆಯ ಸಾಧನ, ನಾನು ಎಷ್ಟೋ ಡಿಸ್ಕುಗಳನ್ನು ಅದರಿಂದಲೇ ಉಳಿಸಿದ್ದೇನೆ. ಆದರೆ ಇಲ್ಲಿ ಡಿಸ್ಕನ್ನು ಹಿಂದೊಮ್ಮೆ ಬೇರೆ ರೀತಿ ವಿಭಾಗಿಸಿದ್ದರಿಂದ, ಲಿನಕ್ಸಿನ ಫೈಲ್‌ಸಿಸ್ಟಮ್ ಆದ ಇಎಕ್ಸ್‌ಟಿ4 ತನ್ನ ವಿವರ ಬರೆದಿಡುವ ಹಳೆಯ ಇಎಕ್ಸ್‌ಟಿ4 ಸೂಪರ್‌ಬ್ಲಾಕ್‌ಗಳೂ ಪಟ್ಟಿಗೆ ಬಂದವು. ಒಂದರ ಮೇಲೊಂದು ಬಿದ್ದ ಹತ್ತಾರು ಪಾರ್ಟಿಶನ್‌ಗಳಲ್ಲಿ ನಿಜವಾದದ್ದು ಯಾವುದು? ಒಂದು ಹಳೆಯದಂತೂ, ಇಮೇಜನ್ನೇ ಡಿಸ್ಕಿನಂತೆ ಜೋಡಿಸುವ ಲೂಪ್‌ನಲ್ಲಿ ಮೌಂಟ್ ಕೂಡ ಆಯಿತು (ತೆರೆದುಕೊಂಡಿತು). ಫೋಲ್ಡರ್ ಹೆಸರುಗಳು ಕಂಡವು, ಒಳಗೆ ಬರೀ ಕಸ. ನಡುವಿನ ಲಕ್ಸ್ (ಪಾಸ್‌ವರ್ಡಿನಿಂದ ಗೂಢಲಿಪಿ ಮಾಡಿದ) ಪಾರ್ಟಿಶನ್ನಿನ ಹೆಡರ್ (ತಲೆಬರಹದ ವಿವರ) ಸಿಕ್ಕಿತು, ಅಳತೆ ಗೊತ್ತಿಲ್ಲ ಎಂದಿತು. ಲಕ್ಸ್ 1ರ ಹೆಡರಿನಲ್ಲಿ ಒಟ್ಟು ಉದ್ದ ಬರೆದಿರುವುದೇ ಇಲ್ಲವಲ್ಲ.

ಆಗ ಡಿಸ್ಕನ್ನು ಬಿಟ್ಟು ಕಾಗದ ಹಿಡಿದೆ. 2 ಟಿಬಿ ಮೀರಿದ ಡಿಸ್ಕುಗಳನ್ನು ಕೆಲವು ಯುಎಸ್‌ಬಿ ಪೆಟ್ಟಿಗೆಗಳು 4096 ಬೈಟಿನ ಸೆಕ್ಟರ್ (ಡಿಸ್ಕನ್ನು ಎಣಿಸುವ ತುಣುಕು) ಇರುವವು ಎಂದು ತೋರಿಸುತ್ತವೆ. ಅದೇ ಡಿಸ್ಕ್ ಸಾಟಾದಲ್ಲಿ 512 ಎನ್ನುತ್ತದೆ. ಅಂದರೆ ಹಳೆಯ ಜಿಪಿಟಿ 4096ರ ಲೆಕ್ಕದ್ದು, ಅದರ ಮೇಲೆ ಬಿದ್ದದ್ದು 512ರ ಲೆಕ್ಕದ್ದು. ಎಂಟ್ರಿಗಳ (ಪಾರ್ಟಿಶನ್ನಿಗೊಂದರಂತೆ ಇರುವ ವಿವರಗಳ) ಸಾಲು ಎರಡರಲ್ಲೂ 16384 ಬೈಟ್. ಆದರೆ ಆ ಸಾಲಿನ ಬಳಿಕ ಡಿಸ್ಕಿನ ತುದಿಯಲ್ಲಿ ಬರುವ ಬ್ಯಾಕಪ್ ಹೆಡರ್ ಒಂದು ಪೂರ್ತಿ ಸೆಕ್ಟರ್ ತಿನ್ನುತ್ತದೆ. ಹಳೆಯ ಬ್ಯಾಕಪ್ ಡಿಸ್ಕಿನ ಕೊನೆಯ 20480 ಬೈಟುಗಳಲ್ಲಿತ್ತು. ಹೊಸದು ಆಕ್ರಮಿಸಿದ್ದು ಕೊನೆಯ 16896 ಬೈಟುಗಳನ್ನು ಮಾತ್ರ. ವ್ಯತ್ಯಾಸ 3584. 512ರಂತೆ ಏಳು ಸೆಕ್ಟರ್. ಒಂದು ಎಂಟ್ರಿಗೆ 128 ಬೈಟ್, ಅಂದರೆ ಹಳೆಯ ಸಾಲಿನ ಮೊದಲ 28 ಎಂಟ್ರಿಗಳು ಯಾರ ಕೈಯೂ ಸೋಕದೆ ಅಲ್ಲೇ ಉಳಿದಿರಬೇಕು. ನಮಗೆ ಬೇಕಾದದ್ದು ಮೂರು!

ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ. ಡಿಸ್ಕಿನಲ್ಲಿ ಒಟ್ಟು 7814037168 ಸೆಕ್ಟರ್, ಎಂಟರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 20480 ಬೈಟ್ ಅಂದರೆ 40 ಸೆಕ್ಟರ್, ಅದನ್ನು ಕಳೆದರೆ 7814037128. ಅಲ್ಲಿಂದ ಏಳು ಸೆಕ್ಟರ್ ಡಿಡಿ ಎಂಬ ನಕಲು ಆಜ್ಞೆಯಿಂದ ತೆಗೆದು, ಸಾಲಿಗೆ ಹದಿನಾರು ಬೈಟಿನಂತೆ ತೋರಿಸುವ ಹೆಕ್ಸ್‌ಡಂಪಿಗೆ ಕೊಟ್ಟೆ. ಮೊದಲ ಸಾಲಿನಲ್ಲೇ 'ಎಎಫ್ 3ಡಿ ಸಿ6 0ಎಫ್': ಲಿನಕ್ಸ್ ಫೈಲ್‌ಸಿಸ್ಟಮ್‌ನ ಜಿಯುಐಡಿ (ಪಾರ್ಟಿಶನ್ನಿನ ಬಗೆ ಹೇಳುವ ಗುರುತು) ಡಿಸ್ಕಿನ ಮೇಲೆ ಕಾಣುವುದೇ ಹೀಗೆ. ಒಂದು ಎಂಟ್ರಿಗೆ ಎಂಟು ಸಾಲು. ಎರಡನೆಯ ಸಾಲು ಪಾರ್ಟಿಶನ್ನಿನ ಸ್ವಂತ ಯುಯುಐಡಿ. ಮೂರನೆಯ ಸಾಲಿನ ಎಡ ಅರ್ಧ ಆರಂಭ, ಬಲ ಅರ್ಧ ಕೊನೆ. ಎಡದಲ್ಲಿ '00 01' ಆಮೇಲೆಲ್ಲ ಸೊನ್ನೆ, ಬೈಟುಗಳನ್ನು ಹಿಂದಿನಿಂದ ಮುಂದಕ್ಕೆ ಓದಿದರೆ 256. ಎಂಟರಿಂದ ಗುಣಿಸಿದರೆ 2048, ನಮಗೆಲ್ಲ ಪರಿಚಿತವಾದ 1 ಎಂಐಬಿ ಗಡಿ. ಆ ಕ್ಷಣಕ್ಕೆ ಸಂಶಯವೆಲ್ಲ ಹೋಯಿತು.

ಕೊನೆಯ ಸೆಕ್ಟರನ್ನು ಮಾತ್ರ ಸುಮ್ಮನೆ ಎಂಟರಿಂದ ಗುಣಿಸಬಾರದು. ಅದು ಪಾರ್ಟಿಶನ್ನಿಗೆ ಸೇರಿದ ಸೆಕ್ಟರ್, ಆದ್ದರಿಂದ ಒಂದು ಕೂಡಿಸಿ, ಗುಣಿಸಿ, ಒಂದು ಕಳೆಯಬೇಕು. ನನ್ನ ಮೊದಲ ಪಾರ್ಟಿಶನ್ 268435711ಕ್ಕೆ ಮುಗಿದಿತ್ತು. 512ರ ಲೆಕ್ಕದಲ್ಲಿ ಅದು 2147485695. ನೇರವಾಗಿ ಗುಣಿಸಿದರೆ ಏಳು ಸೆಕ್ಟರ್ ಕಡಿಮೆ ಬೀಳುತ್ತದೆ, 4 ಕೆಬಿಯ ಕೊನೆಯ ಬ್ಲಾಕ್ ತುಂಡಾಗುತ್ತದೆ, ಬ್ಲಾಕ್‌ಗಳ ಸಂಖ್ಯೆ ಡಿಸ್ಕಿಗಿಂತ ಹೆಚ್ಚಿದೆ ಎಂದು ಇಎಕ್ಸ್‌ಟಿ4 ಮೌಂಟ್ ಆಗಲು ಒಪ್ಪುವುದಿಲ್ಲ.

ಮೂರೂ ಎಂಟ್ರಿಗಳನ್ನು ಟೇಬಲ್ ಬರೆಯುವ ಸಾಧನವಾದ ಎಸ್‌ಎಫ್‌ಡಿಸ್ಕಿನ ಸ್ಕ್ರಿಪ್ಟಾಗಿ ಬರೆದೆ. ಯುಯುಐಡಿಗಳನ್ನೂ ಅದರಲ್ಲೇ ಕೊಟ್ಟೆ, ಹಾಗಾಗಿ ಪಾರ್ಟಿಶನ್ ಯುಯುಐಡಿ ಹಿಡಿದು ಮೌಂಟ್ ಮಾಡಿಸುವ ಎಫ್‌ಎಸ್‌ಟ್ಯಾಬ್‌ನ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ಟೆಸ್ಟ್‌ಡಿಸ್ಕಿನಿಂದ ಹುಡುಕಿ ಹೊಸದಾಗಿ ಬರೆದ ಟೇಬಲ್ಲಿನಲ್ಲಿ ಈ ಅನುಕೂಲ ಸಿಗುವುದಿಲ್ಲ. ಸ್ಕ್ರಿಪ್ಟನ್ನು ಮೊದಲು ಇಮೇಜಿಗೆ ಬರೆದು, ಲೂಪ್ ಜೋಡಿಸುವ ಆಜ್ಞೆಯಾದ ಲೊಸೆಟಪ್‌ನಲ್ಲಿ ಓದಲು ಮಾತ್ರ ಎಂದು ಜೋಡಿಸಿ, ಫೈಲ್‌ಸಿಸ್ಟಮ್ ಪರೀಕ್ಷಿಸುವ ಇ2ಎಫ್‌ಎಸ್‌ಸಿಕೆಯನ್ನು ತಿದ್ದುಪಡಿಯಿಲ್ಲದೆ ಓಡಿಸಿದೆ. ಎರಡೂ ಇಎಕ್ಸ್‌ಟಿ4 ಚೊಕ್ಕಟ. ಲಕ್ಸ್ ಪಾಸ್‌ವರ್ಡಿಗೆ ತೆರೆದುಕೊಂಡಿತು. ಆಮೇಲೆಯೇ ಅಸಲಿ ಡಿಸ್ಕಿಗೆ ಕೈ ಹಾಕಿದ್ದು. ಎಂಟ್ರಿಗಳೂ ಹೋಗಿದ್ದಾಗ ಲಕ್ಸ್ ಪಾರ್ಟಿಶನ್ನಿನ ಕೊನೆಯನ್ನು ಕಂಡುಹಿಡಿಯುವ ಒಂದು ದಾರಿಯೂ ನನ್ನಲ್ಲಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಂಬದವರಿಗಾಗಿ ಒಂದು ಪ್ರಯೋಗ ಮಾಡಿ ತೋರಿಸಿದೆ, ಖರ್ಚಿಲ್ಲದ್ದು. ಟ್ರಂಕೇಟ್‌ನಿಂದ 4000787030016 ಬೈಟಿನ ಸ್ಪಾರ್ಸ್ (ಒಳಗೆ ಟೊಳ್ಳಾದ) ಫೈಲ್ ಮಾಡಿ. ಅದು ನಿಜವಾಗಿ ಹಿಡಿಯುವ ಜಾಗ ಅತ್ಯಲ್ಪ. ಲೊಸೆಟಪ್‌ನಲ್ಲಿ ಸೆಕ್ಟರ್ ಅಳತೆ 4096 ಎಂದು ಕೊಟ್ಟು ಜಿಪಿಟಿ ಬರೆಯಿರಿ. ಬಿಚ್ಚಿ, 512ರಲ್ಲಿ ಜೋಡಿಸಿ ಖಾಲಿ ಜಿಪಿಟಿ ಬರೆಯಿರಿ. ಆ ಏಳು ಸೆಕ್ಟರ್ ಹಾಗೆಯೇ ಇರುತ್ತವೆ. ಕೆಲವು ಪೆಟ್ಟಿಗೆಗಳು ಡಿಸ್ಕಿನ ತುದಿಯ ಸ್ವಲ್ಪ ಜಾಗವನ್ನು ತಮಗೇ ಇಟ್ಟುಕೊಳ್ಳುತ್ತವೆ. ಆಗ ಹಳೆಯ ಬ್ಯಾಕಪ್ ಇನ್ನೂ ಹಿಂದೆ ಸರಿದು ಹೆಡರ್ ಸಮೇತ ಉಳಿದಿರಬಹುದು. ಕೊನೆಯ ಕೆಲವು ಎಂಬಿಗಳಲ್ಲಿ 'ಇಎಫ್‌ಐ ಪಾರ್ಟ್' ಎಂಬ ಗುರುತನ್ನು ಹುಡುಕಿ. ಖಾಲಿ ಜಿಪಿಟಿಯ ಬಳಿಕ ಯಾರಾದರೂ ಡಿಸ್ಕ್ ಪೂರ್ತಿ ಹೊಸ ಫೈಲ್‌ಸಿಸ್ಟಮ್ ಹಾಕಿದ್ದರೆ ಆ ಏಳು ಸೆಕ್ಟರ್ ಅದರ ಪಾಲಾಗಬಹುದು. ಎಸ್‌ಎಸ್‌ಡಿಯಾದರೆ ಟ್ರಿಮ್ (ಬಳಸದ ಜಾಗವನ್ನು ಖಾಲಿ ಮಾಡುವ ಆಜ್ಞೆ) ಎಲ್ಲವನ್ನೂ ನುಂಗಿರಬಹುದು.

ಇನ್ನೊಂದು: ಟೇಬಲ್ ಅಳಿದದ್ದು ಈಗಷ್ಟೇ, ಯಂತ್ರ ಇನ್ನೂ ರೀಬೂಟ್ ಆಗಿಲ್ಲ, ಲಿನಕ್ಸಿನ ತಿರುಳಾದ ಕರ್ನಲ್ ಟೇಬಲ್ಲನ್ನು ಮತ್ತೆ ಓದಿಲ್ಲ ಎಂದಾದರೆ ಈ ಸರ್ಕಸ್ ಯಾವುದೂ ಬೇಡ. ಸಿಸ್ ಫೋಲ್ಡರಿನ ಬ್ಲಾಕ್ ಕೆಳಗೆ ಪ್ರತಿ ಪಾರ್ಟಿಶನ್ನಿನ 'ಸ್ಟಾರ್ಟ್', 'ಸೈಜ್' ಫೈಲುಗಳಿರುತ್ತವೆ, ಯಾವಾಗಲೂ 512ರ ಲೆಕ್ಕದಲ್ಲಿ. ಬರೆದುಕೊಂಡರೆ ಮುಗಿಯಿತು.

ಡಿಸ್ಕನ್ನು ಹಿಂದಿರುಗಿಸುವಾಗ ಎಸ್‌ಎಫ್‌ಡಿಸ್ಕಿನ ಡಂಪ್ ಫೈಲನ್ನೂ ಜೊತೆಗೆ ಕೊಟ್ಟೆ, ಒಂದು ಕೆಬಿಯೂ ಇಲ್ಲ. 4096 ತೋರಿಸುವ ಪೆಟ್ಟಿಗೆಗೆ ಇದನ್ನು ಮತ್ತೆ ಹಾಕಬೇಡಿ, ಟೇಬಲ್ ಈಗ 512ರದ್ದು ಎಂದು ಡಿಸ್ಕಿನ ಬೆನ್ನಿಗೆ ಚೀಟಿ ಅಂಟಿಸಿದ್ದೇನೆ.